ಘಟಪ್ರಭೆಯ ನೀರಿನ ಪಾಲುದಾರರು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯವರಿಗೆ ಜಲಪಾತವೆಂದೊಡನೆ ನೆನಪಾಗುವುದು ನೆರೆಯ ಗೋಕಾವಿ. ನಮ್ಮ ಎರೆನೆಲದ ಕೆಳಗಿರುವುದು ಕರಿಕಲ್ಲು. ಗೋಕಾವಿಯ ಬಳಿ ಘಟಪ್ರಭೆಗೆ ಎದುರಾಗುವುದಾದರೋ ಕಲಾದಗಿ ಶ್ರೇಣಿಯ ಗಟ್ಟಿ ಮರಳುಗಲ್ಲು. ಅದರ ಅಂಚಿನಿಂದ ನದಿಯು ಕುದುರೆಲಾಳದ ಆಕಾರದಲ್ಲಿ ಸುಮಾರು 170 ಅಡಿ ಕೆಳಕ್ಕೆ ಧುಮುಕುತ್ತದೆ.

ಈ ನೋಟವನ್ನು ನಿಸರ್ಗದ ಕೊಡುಗೆಯೆಂದಷ್ಟೇ ಬಣ್ಣಿಸಿದರೆ ಸಾಲದು. ಅದರಲ್ಲಿ ಮನುಷ್ಯನ ಚರಿತ್ರೆಯೂ ಬೆರೆತಿದೆ. ಮೊದಲು ಬಂದವರು ಭಕ್ತರು. ದಡದ ಮೇಲಿರುವ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ದೇವಾಲಯವೇ ಇದಕ್ಕೆ ಸಾಕ್ಷಿ. ಅವರು ನದಿಯಿಂದ ಬಯಸಿದ್ದು ಅಭಿಷೇಕಕ್ಕೆ ಬೇಕಾದಷ್ಟು ನೀರು ಮಾತ್ರ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೇರೆ ಬಗೆಯ ಪಾಲುದಾರರು ಬಂದರು. 1876–78ರ ಭೀಕರ ಕ್ಷಾಮವನ್ನು ಉಂಡ ನಾಡಿದು. ಆ ಶತಮಾನ ಮುಗಿಯುವುದರೊಳಗೆ ಜಲಪಾತದ ಮೇಲ್ಭಾಗದ ಧೂಪದಾಳದಲ್ಲಿ ಒಡ್ಡು ಎದ್ದು, ನೀರು ಕಾಲುವೆಯ ಮೂಲಕ ಹೊಲಗಳತ್ತ ತಿರುಗಿತು. 1885ರಲ್ಲಿ ಸ್ಥಾಪಿತವಾದ ಕಂಪನಿಯೊಂದು ಧುಮುಕುವ ನೀರಿನ ಬಲವನ್ನೇ ನಂಬಿ ಇಲ್ಲಿ ನೂಲಿನ ಗಿರಣಿಯನ್ನು ಹೂಡಿತು. ಕಣಿವೆಯ ಮೇಲಿನ ಸುಮಾರು 200 ಮೀಟರ್ ಉದ್ದದ ತೂಗುಸೇತುವೆ ಆ ಯುಗವನ್ನು ನೆನಪಿಗೆ ತರುತ್ತದೆ.

ಹೀಗೆ ದೇವರಿಗೆ, ಬೆಳೆಗೆ, ಬಟ್ಟೆಗೆ ನೀರು ಪಾಲಾಯಿತು. ಯಾರೂ ಕರೆಯದೆ ಬಂದ ಪಾಲುದಾರರೂ ಇದ್ದಾರೆ. ಒಡ್ಡಿನ ಹಿಂದೆ ನಿಂತ ನೀರಿಗೆ ಹಕ್ಕಿಗಳು ಒಲಿದು ಬಂದವು. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಹಾರಿಬರುವ ಡೆಮೊಸೆಲ್ ಕ್ರೌಂಚಗಳೂ ಅವುಗಳಲ್ಲಿ ಸೇರಿವೆ. 1974ರಲ್ಲಿ ಈ ಪ್ರದೇಶವು ಘಟಪ್ರಭಾ ಪಕ್ಷಿಧಾಮವೆಂದು ಘೋಷಿತವಾಯಿತು. ರೈತನಿಗಾಗಿ ಕಟ್ಟಿದ ಒಡ್ಡು ಹಕ್ಕಿಗೂ ಆಸರೆಯಾದುದು ಚರಿತ್ರೆಯ ಒಂದು ಸೋಜಿಗ.

ಜಲಪಾತಕ್ಕೆಂದು ಮಾತ್ರ ಪಾಲು ಕೇಳಿದವರಿಲ್ಲ. ಮಳೆಗಾಲದಲ್ಲಿ ಎಲ್ಲರ ಪಾಲೂ ತುಂಬಿ ಮಿಕ್ಕುದು ಅದರದು. ಬೇಸಿಗೆಯಲ್ಲಿ ಹೋದವರು ಬರಿಯ ಬಂಡೆಯನ್ನು ಕಂಡು ಪೆಚ್ಚಾಗಿ ಮರಳುವುದುಂಟು. ಆ ಬಂಡೆಯನ್ನು ಕಂಡು ನದಿ ಬಡವಾಯಿತೆಂದು ಮರುಗುವ ಮುನ್ನ ನಾವು ಉಣ್ಣುವ ಅನ್ನದಲ್ಲಿ, ಉಡುವ ಬಟ್ಟೆಯಲ್ಲಿ ಅದರ ನೀರೆಷ್ಟು ಎಂದು ಲೆಕ್ಕ ಹಾಕಬೇಕು. ಜೊತೆಗೆ, ಇನ್ನು ಮುಂದೆ ನೀರನ್ನು ಹಂಚುವಾಗ ಹಕ್ಕಿಗೂ ಧಾರೆಗೂ ಎಷ್ಟು ಉಳಿಸಬೇಕೆಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಶ್ರಾವಣದಲ್ಲಿ ಬುತ್ತಿ ಕಟ್ಟಿಕೊಂಡು ಗೋಕಾವಿಗೆ ಹೊರಡುವವರು ಧೂಪದಾಳದ ಒಡ್ಡನ್ನೂ ಕಂಡುಬಂದರೆ ಈ ಪ್ರಶ್ನೆ ತಾನಾಗಿಯೇ ಮೂಡೀತು.