ರಾಯರ ಗಂಡ

ಒಬ್ಬನ ಹಿರಿಮೆ ಹೇಳಬೇಕಾದರೆ ಇಂಗ್ಲಿಷಿನವರು ಅವನು ಉಳಿದವರಿಗಿಂತ ತಲೆ, ಹೆಗಲಿನಷ್ಟು ಎತ್ತರ ಎನ್ನುತ್ತಾರೆ. ಬೈಬಲಿನ ಸೌಲ ಜನರ ನಡುವೆ ನಿಂತರೆ ಎಲ್ಲರೂ ಅವನ ಹೆಗಲಿಗೆ ಬರುತ್ತಿದ್ದರಂತೆ. ಆ ಮಾತಿನ ಬೇರು ಅಲ್ಲಿದೆ. ನಮ್ಮಲ್ಲಿ ದಿನಬಳಕೆಗೆ ‘ಒಂದು ಕೈ ಮೇಲು’ ಸಾಕು. ಹಂಪಿಯಿಂದ ಆಳಿದ ವಿಜಯನಗರದ ಅರಸರಿಗೆ ಅಷ್ಟು ಸಾಲಲಿಲ್ಲ. ಅವರು ‘ಗಂಡ’ ಎಂದರು.

ಈ ಪದ ಕೇಳಿದರೆ ಇಂದು ಸಂಸಾರ ನೆನಪಾಗುತ್ತದೆ. ಹಳೆಯ ಕನ್ನಡದಲ್ಲಿ ಗಂಡ ಎಂದರೆ ಶೂರ, ಎದುರಾಳಿಯನ್ನು ಮೆಟ್ಟಿ ನಿಂತವನು. ಕಂಪಿಲಿಯ ಕುಮಾರರಾಮ ‘ಗಂಡುಗಲಿ’ಯಾದದ್ದು ಆ ಅರ್ಥದಲ್ಲೇ. ಹೊಯ್ಸಳರು ‘ಮಲೆಪರೊಳ್ ಗಂಡ’ ಎನಿಸಿಕೊಂಡರು. ಮೈಸೂರು ಒಡೆಯರು ‘ಬಿರುದೆಂತೆಂಬರ ಗಂಡ’, ಅಂದರೆ ಬಿರುದು ಹೇಳಿಕೊಂಡು ಮೆರೆಯುವವರನ್ನೆಲ್ಲ ಮೀರಿಸಿದವರು.

ವಿಜಯನಗರದ ‘ಮೂರುರಾಯರ ಗಂಡ’ ಹೆಚ್ಚು ಪ್ರಸಿದ್ಧ. ಆ ಮೂವರು ಚೇರ, ಚೋಳ, ಪಾಂಡ್ಯರು ಎನ್ನುವವರಿದ್ದಾರೆ. ಅಶ್ವಪತಿ, ಗಜಪತಿ, ನರಪತಿ ಎಂಬ ಬಿರುದಿನ ಅರಸರು ಎನ್ನುವವರೂ ಇದ್ದಾರೆ. ‘ಹಿಂದೂರಾಯ ಸುರತ್ರಾಣ’ ಇನ್ನೂ ವಿಶೇಷವಾದದ್ದು. ಸುರತ್ರಾಣ ಎಂಬುದು ಸುಲ್ತಾನ ಪದಕ್ಕೆ ಸಂಸ್ಕೃತದ ಉಡುಗೆ. 14ನೇ ಶತಮಾನದಲ್ಲೇ ಬುಕ್ಕರಾಯ ಅದನ್ನು ಧರಿಸಿದ್ದ. ಎದುರಾಳಿಯ ಪದವಿಯ ಹೆಸರನ್ನೇ ತನ್ನ ಹಿರಿಮೆಗೆ ತೊಟ್ಟುಕೊಳ್ಳಲು ದೊಡ್ಡ ಆತ್ಮವಿಶ್ವಾಸ ಬೇಕು.

ಆದರೆ ಎಲ್ಲಕ್ಕಿಂತ ತೂಕದ ಬಿರುದು ‘ಭಾಷೆಗೆ ತಪ್ಪುವ ರಾಯರ ಗಂಡ’.

ಭಾಷೆ ಎಂದರೆ ಇಲ್ಲಿ ಕೊಟ್ಟ ಮಾತು. ಮಾತಿಗೆ ತಪ್ಪುವ ಅರಸರನ್ನು ಮಣಿಸುವವನು ಎಂದರ್ಥ. ನಾಡಿನ ವಿಸ್ತಾರ, ಆನೆ ಕುದುರೆಗಳ ಲೆಕ್ಕ ಯಾವುದೂ ಇದರಲ್ಲಿಲ್ಲ. ಹಿರಿಮೆಯನ್ನು ನುಡಿಯಿಂದಲೇ ಅಳೆದಿದೆ. ಒಂದನೆಯ ಹರಿಹರ ಇನ್ನೂ ಮಹಾಮಂಡಲೇಶ್ವರ ಎಂಬ ಸಾಮಂತ ಪದವಿಯಲ್ಲಿದ್ದಾಗಲೇ, ಕ್ರಿ.ಶ. 1340ರ ಬಾದಾಮಿ ಶಾಸನದಲ್ಲಿ ಈ ಬಿರುದು ಕಾಣುತ್ತದೆ. ಸುಮಾರು 170 ವರ್ಷಗಳ ನಂತರ, ಶಾಲಿವಾಹನ ಶಕ 1430ರಲ್ಲಿ, ಕೃಷ್ಣದೇವರಾಯ ಪಟ್ಟಾಭಿಷೇಕದ ನೆನಪಿಗೆ ಹಂಪಿಯ ವಿರೂಪಾಕ್ಷನಿಗೆ ಸಿಂಗಿನಾಯಕನಹಳ್ಳಿಯನ್ನು ದತ್ತಿ ಬಿಟ್ಟು, ಮಂಟಪ ಗೋಪುರಗಳ ಸೇವೆ ಸಲ್ಲಿಸಿದ. ಅದನ್ನು ಹೇಳುವ ಶಾಸನದ ಸಂಸ್ಕೃತ ಶ್ಲೋಕಗಳ ನಡುವೆ ಈ ಕನ್ನಡ ಬಿರುದು ಹಾಗೆಯೇ ಕುಳಿತಿದೆ. ಕವಿ ಅದನ್ನು ಅನುವಾದಿಸಲಿಲ್ಲ. ಕೊನೆಗೊಂದು ಸಂಸ್ಕೃತ ವಿಭಕ್ತಿ ಹಚ್ಚಿ ‘ಗಂಡಃ’ ಎಂದು ಪ್ರಾಸಕ್ಕೆ ಕೂಡಿಸಿದ. ಜನ ಬಾಯಲ್ಲಿ ಕೂಗಿದ ಬಿರುದನ್ನು ಕೂಗಿದ ನುಡಿಯಲ್ಲೇ ಉಳಿಸಿದ ಆ ಕವಿಗೆ ಕನ್ನಡಿಗರು ಋಣಿಗಳಾಗಿರಬೇಕು.

ಕೃಷ್ಣದೇವರಾಯನ ನಂತರ ಬಂದ ಅಚ್ಯುತರಾಯನ ಕಾಲಕ್ಕೆ ಹಿರಿಮೆ ಚಿನ್ನದ ನಾಣ್ಯದ ಮೇಲೂ ಬಂತು: ಎರಡು ತಲೆಯ ಗಂಡಭೇರುಂಡ, ಕೊಕ್ಕು ಉಗುರುಗಳಲ್ಲಿ ಆನೆಗಳು. ಅದೇ ಹಕ್ಕಿ ಇಂದು ಕರ್ನಾಟಕದ ಲಾಂಛನದಲ್ಲಿದೆ. ಬಿರುದಿನ ಸಂಪ್ರದಾಯ ವಿಜಯನಗರದ ನಂತರವೂ ಉಳಿಯಿತು: ಹಂಪಿಯ ಪಕ್ಕದ ಸಂಡೂರಿನಲ್ಲಿ ಘೋರ್ಪಡೆ ಅರಸರು ‘ಹಿಂದೂರಾವ್’, ‘ಮಮ್ಲಕತ್ ಮದಾರ್’, ‘ಸೇನಾಪತಿ’ ಎಂಬ ಮರಾಠರ ಕಾಲದ ಬಿರುದುಗಳನ್ನು ಹೊತ್ತಿದ್ದರು. ಆ ಸಂಸ್ಥಾನ 1949ರಲ್ಲಿ ಭಾರತದಲ್ಲಿ ವಿಲೀನವಾಯಿತು.

ಹಂಪಿಗೆ ಹೋದವರು ವಿರೂಪಾಕ್ಷನ ದರ್ಶನ ಮುಗಿಸಿ ನೇರ ಕಲ್ಲಿನ ರಥದ ಕಡೆ ನಡೆಯುತ್ತಾರೆ. ನೀವು ಹೋದಾಗ ರಂಗಮಂಟಪದ ಬಳಿ ಕೃಷ್ಣದೇವರಾಯನ ಆ ಶಾಸನದ ಕಲ್ಲಿನ ಮುಂದೆ ಎರಡು ನಿಮಿಷ ನಿಲ್ಲಿ.