ಗಣಕಯಂತ್ರಕ್ಕೆ ಸ್ಥಿರ ಐಪಿ ವಿಳಾಸ ನಿಗದಿಪಡಿಸುವುದು

ಕಚೇರಿಯ ಸ್ಥಳೀಯ ಜಾಲದಲ್ಲಿರುವ ಗಣಕಯಂತ್ರಗಳಿಗೆ ಸಾಮಾನ್ಯವಾಗಿ ರೂಟರ್‌ನಲ್ಲಿರುವ ಡಿಎಚ್‌ಸಿಪಿ ವ್ಯವಸ್ಥೆಯೇ ಐಪಿ ವಿಳಾಸವನ್ನು ಹಂಚುತ್ತದೆ. ಈ ವಿಳಾಸವು ನಿಗದಿತ ಅವಧಿಗೆ ಮಾತ್ರ ದೊರೆಯುವುದರಿಂದ ಮುಂದೆ ಬದಲಾಗಬಹುದು. ಬೆರಳಚ್ಚಿಗೆ ಬಳಸುವ ಗಣಕಯಂತ್ರಕ್ಕೆ ಇದರಿಂದ ಬಾಧಕವಿಲ್ಲ. ಆದರೆ ಸರ್ವರ್ ಅಥವಾ ಎಲ್ಲರೂ ಬಳಸುವ ಪ್ರಿಂಟರ್‌ನ ವಿಳಾಸ ಬದಲಾದಲ್ಲಿ, ಹಳೆಯ ವಿಳಾಸವನ್ನು ನಮೂದಿಸಿಕೊಂಡಿರುವ ಶಾಖೆಗಳ ಕೆಲಸವೆಲ್ಲ ಸ್ಥಗಿತಗೊಳ್ಳುತ್ತದೆ. ಇಂತಹವುಗಳಿಗೆ ಸ್ಥಿರ ವಿಳಾಸ ಅಗತ್ಯ.

ವಿಂಡೋಸ್‌ನಲ್ಲಿ ನೆಟ್‌ವರ್ಕ್ ಸಂಪರ್ಕದ ಪ್ರಾಪರ್ಟೀಸ್ ತೆರೆದು, ಐಪಿ 4ನೇ ಆವೃತ್ತಿಯಡಿ ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ ಹಾಗೂ ಡಿಎನ್‌ಎಸ್ ವಿವರಗಳನ್ನು ನಮೂದಿಸತಕ್ಕದ್ದು. ಗೇಟ್‌ವೇ ಎಂದರೆ ರೂಟರ್‌ನ ವಿಳಾಸ. ಇದು ತಪ್ಪಿದಲ್ಲಿ ಸ್ಥಳೀಯ ಜಾಲ ದೊರೆತರೂ ಅಂತರ್ಜಾಲ ದೊರೆಯುವುದಿಲ್ಲ.

ಹೆಚ್ಚಿನ ತಪ್ಪುಗಳಾಗುವುದು ವಿಳಾಸದ ಆಯ್ಕೆಯಲ್ಲಿ. ಉದಾಹರಣೆಗೆ, ರೂಟರ್ 192.168.1.100ರಿಂದ 192.168.1.199ರವರೆಗೆ ಹಂಚುತ್ತಿದ್ದು ಸಬ್‌ನೆಟ್ ಮಾಸ್ಕ್ 255.255.255.0 ಆಗಿದ್ದಲ್ಲಿ, ಅದೇ ಜಾಲದ 192.168.1.10ರಂತಹ, ಹಂಚಿಕೆಯ ಹೊರಗಿನ ವಿಳಾಸವನ್ನೇ ಆರಿಸಬೇಕು. ಇಲ್ಲವಾದಲ್ಲಿ ಅದೇ ವಿಳಾಸ ಮತ್ತೊಂದು ಯಂತ್ರಕ್ಕೂ ದೊರೆತು, ಎರಡಕ್ಕೂ ಸಂಪರ್ಕ ತಪ್ಪಬಹುದು. ಪಿಂಗ್ ಆದೇಶಕ್ಕೆ ಉತ್ತರ ಬಾರದ ಮಾತ್ರಕ್ಕೆ ವಿಳಾಸವು ಖಾಲಿಯಿದೆ ಎಂದು ಭಾವಿಸುವಂತಿಲ್ಲ; ಅದನ್ನು ಪಡೆದಿರುವ ಯಂತ್ರವನ್ನು ಆ ದಿನ ಚಾಲನೆಗೊಳಿಸದೆ ಇರಬಹುದು. ಆದ್ದರಿಂದ ನೀಡಿದ ಪ್ರತಿ ವಿಳಾಸವನ್ನೂ ಯಂತ್ರದ ಹೆಸರು, ದಿನಾಂಕಗಳೊಡನೆ ವಹಿಯಲ್ಲಿ ದಾಖಲಿಸತಕ್ಕದ್ದು.