ಲಘು ವಿಮಾನ ಹೊಲಕ್ಕೆ ಇಳಿದರೆ: ಯಾಕೆ ಹೀಗಾಗುತ್ತೆ, ಊರವರು ಏನು ಮಾಡಬೇಕು?

ಬೆಳಗಾವಿ: ಸಾಂಬ್ರಾ ವಿಮಾನ ನಿಲ್ದಾಣದಿಂದ ಹಾರಿದ್ದ ಎರಡು ಸೀಟಿನ ತರಬೇತಿ ವಿಮಾನವೊಂದು 2023ರ ಮೇ 30ರಂದು ತಾಂತ್ರಿಕ ದೋಷದಿಂದ ಹೊನ್ನಿಹಾಳ ಬಳಿಯ ಹೊಲದಲ್ಲಿ ತುರ್ತಾಗಿ ಇಳಿದಿತ್ತು. ಒಳಗಿದ್ದ ಇಬ್ಬರು ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು. ಸಾಂಬ್ರಾ, ಕಲಬುರಗಿ, ಬೆಂಗಳೂರಿನ ಜಕ್ಕೂರಿನಲ್ಲಿ ಪೈಲಟ್ ತರಬೇತಿ ಶಾಲೆಗಳಿವೆ. ಹಾಗಾಗಿ ಇಂಥ ಘಟನೆ ಬಗ್ಗೆ ಸುತ್ತಲಿನ ಹಳ್ಳಿಯವರು ತಿಳಿದಿರುವುದು ಒಳ್ಳೆಯದು.

ಎಂಜಿನ್ ಬಂದ್ ಆದ್ರೆ ವಿಮಾನ ಬಿದ್ದೇ ಬಿಡುತ್ತಾ?

ಇಲ್ಲ. ಎಂಜಿನ್ ನಿಂತರೂ ರೆಕ್ಕೆ ಕೆಲಸ ಮಾಡುತ್ತಿರುತ್ತದೆ. ತರಬೇತಿಗೆ ಹೆಚ್ಚಾಗಿ ಬಳಸುವ ಸೆಸ್ನಾ 172 ವಿಮಾನ ಸಾವಿರ ಅಡಿ ಎತ್ತರದಿಂದ ಸುಮಾರು ಎರಡೂವರೆ ಕಿ.ಮೀ. ತೇಲಿಕೊಂಡು ಹೋಗಬಲ್ಲದು. ಆದರೆ ವೇಗ ತೀರಾ ಕಡಿಮೆಯಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದು. ಅದಕ್ಕೇ ಪೈಲಟ್ ಮೊದಲು ಮೂತಿ ತಗ್ಗಿಸಿ ವೇಗ ಉಳಿಸಿಕೊಳ್ಳುತ್ತಾರೆ, ನಂತರ ಜಾಗ ಹುಡುಕುತ್ತಾರೆ. ಕಡಿಮೆ ಎತ್ತರದಲ್ಲಿ ರನ್‌ವೇ ಕಡೆ ವಾಪಸ್ ತಿರುಗಲು ಹೋಗಿ ನೆಲಕ್ಕಪ್ಪಳಿಸಿದ ಉದಾಹರಣೆಗಳು ಬಹಳ. ಹೀಗಾಗಿ ಎದುರಿಗೆ ಸಿಕ್ಕ ಬಯಲಿಗೇ ಇಳಿಸುವುದು ಕ್ಷೇಮ ಎಂದು ಕಲಿಸುತ್ತಾರೆ.

ಮೇಲಿನಿಂದ ಸಮತಟ್ಟಾಗಿ ಕಾಣುವ ಹೊಲದಲ್ಲಿ ಬದು, ಕಲ್ಲು, ಕರೆಂಟ್ ತಂತಿ ಇರುತ್ತವೆ. ಉತ್ತ ಮಣ್ಣಿನಲ್ಲಿ ಮುಂದಿನ ಚಕ್ರ ಹೂತರೆ ವಿಮಾನ ಪಲ್ಟಿಯಾಗುತ್ತದೆ.

ಸಣ್ಣ ಭಾಗ, ದೊಡ್ಡ ಪೆಟ್ಟು

ದೋಷ ಎಷ್ಟು ಚಿಕ್ಕದಿರಬಹುದು ಎನ್ನುವುದಕ್ಕೆ ಅಮೆರಿಕದ ಒಂದು ಪ್ರಕರಣ ಸಾಕು. 2015ರ ಮಾರ್ಚ್ 5ರಂದು ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಎರಡನೇ ಮಹಾಯುದ್ಧ ಕಾಲದ ರಯಾನ್ ತರಬೇತಿ ವಿಮಾನ ಹಾರಿಸುತ್ತಿದ್ದರು. ಟೇಕಾಫ್ ಆದ ಸ್ವಲ್ಪ ಹೊತ್ತಿಗೆ ಎಂಜಿನ್ ಶಕ್ತಿ ಕಳೆದುಕೊಂಡಿತು. ರನ್‌ವೇ ತಲುಪಲಾಗದೆ, ಮರದ ತುದಿಗೆ ತಾಗಿ, ಗಾಲ್ಫ್ ಮೈದಾನಕ್ಕೆ ಬಿತ್ತು. ಅವರಿಗೆ ಗಂಭೀರ ಗಾಯಗಳಾದರೂ ಬದುಕುಳಿದರು.

ತನಿಖೆಯಲ್ಲಿ ಸಿಕ್ಕಿದ್ದು ಏನು? ಕಾರ್ಬ್ಯುರೇಟರ್‌ನ ಜೆಟ್ ಸಡಿಲಾಗಿತ್ತು. ಹಳೇ ಬೈಕ್ ರಿಪೇರಿ ಮಾಡುವ ಯಾವ ಮೆಕ್ಯಾನಿಕ್‌ಗೂ ಗೊತ್ತಿರುವ ಭಾಗವದು. ಅದು ಸಡಿಲಾಗಿ ಇಂಧನ ವಿಪರೀತ ಹರಿದು ಎಂಜಿನ್ ಸೋತಿತ್ತು. ಭುಜದ ಬೆಲ್ಟನ್ನು ಸರಿಯಾಗಿ ಜೋಡಿಸದೇ ಇದ್ದುದರಿಂದ ಪೆಟ್ಟು ಹೆಚ್ಚಾಯಿತು ಎಂದೂ ತನಿಖಾಧಿಕಾರಿಗಳು ಹೇಳಿದ್ದರು. ರಸ್ತೆಯಲ್ಲಾದರೆ ಗಾಡಿ ಪಕ್ಕಕ್ಕೆ ಹಾಕಬಹುದು. ಆಕಾಶದಲ್ಲಿ ಆ ಅವಕಾಶ ಇಲ್ಲ.

ನಿಮ್ಮ ಹೊಲಕ್ಕೇ ಇಳಿದರೆ?

* ಕೂಡಲೇ 112ಕ್ಕೆ ಫೋನ್ ಮಾಡಿ. ಊರು, ಹೊಲಕ್ಕೆ ಹೋಗುವ ದಾರಿ ಸರಿಯಾಗಿ ಹೇಳಿ. ಆಂಬುಲೆನ್ಸ್ ಬರಲು ದಾರಿ ಬಿಡಿಸಿ.
* ಬೀಡಿ, ಸಿಗರೇಟ್, ಬೆಂಕಿಪೊಟ್ಟಣ ಹತ್ತಿರ ಬೇಡವೇ ಬೇಡ. ಬಹಳಷ್ಟು ಲಘು ವಿಮಾನಗಳಲ್ಲಿ ಇರುವುದು ಪೆಟ್ರೋಲ್ ಜಾತಿಯ ಇಂಧನ. ಸೋರಿದ್ದರೆ ಒಂದು ಕಿಡಿ ಸಾಕು.
* ಮುಂದಿನ ಫ್ಯಾನ್, ಅಂದರೆ ಪ್ರೊಪೆಲರ್, ನಿಂತಿದ್ದರೂ ಮುಟ್ಟಬೇಡಿ. ಕೈ ತಾಗಿದರೆ ತಿರುಗಬಹುದು. ಹಿಂದಿನಿಂದ ಹತ್ತಿರ ಹೋಗಿ.
* ಬೆಂಕಿಯ ಅಪಾಯ ಇಲ್ಲದಿದ್ದರೆ ಗಾಯಾಳುವನ್ನು ಎಳೆದಾಡಬೇಡಿ. ಬೆನ್ನುಮೂಳೆಗೆ ಪೆಟ್ಟಾಗಿರಬಹುದು. ಮಾತಾಡಿಸಿ, ಧೈರ್ಯ ಹೇಳಿ.
* ತಂತಿ ಹರಿದು ಬಿದ್ದಿದ್ದರೆ ದೂರವಿರಿ, ಹೆಸ್ಕಾಂನಂಥ ನಿಮ್ಮ ಭಾಗದ ವಿದ್ಯುತ್ ಕಂಪನಿಗೆ ತಿಳಿಸಿ.
* ಸೆಲ್ಫಿಗೆ ರೆಕ್ಕೆ ಹತ್ತುವುದು, ನೆನಪಿಗೆಂದು ತುಂಡು ಒಯ್ಯುವುದು ಬೇಡ. ಕಾರಣ ಪತ್ತೆ ಹಚ್ಚುವ ಕೆಲಸ ಕೇಂದ್ರದ ವಿಮಾನ ಅಪಘಾತ ತನಿಖಾ ದಳದ್ದು. ನಿಮ್ಮ ಜೇಬಿನಲ್ಲಿರುವ ಸ್ಕ್ರೂವೇ ಅವರು ಹುಡುಕುವ ಸಾಕ್ಷಿ ಆಗಿರಬಹುದು.
* ಬೆಳೆ ಹಾಳಾಗಿದ್ದರೆ ದೂರದಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಪೊಲೀಸರಿಗೆ, ಗ್ರಾಮ ಆಡಳಿತಾಧಿಕಾರಿಗೆ ಲಿಖಿತವಾಗಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಜನ ಸೇರಿ ತುಳಿದ ಮೇಲೆ ನಷ್ಟ ಯಾರಿಂದ ಆಯ್ತು ಎಂದು ತೋರಿಸುವುದು ಕಷ್ಟ.